ಆರಿಸಿ ತೆಗೆದ ಕಾಳು

ಹೆದರಿದ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಅದರಲ್ಲೂ ಬೆಳಗಿನ ಪತ್ರಿಕೆ ಓದಿ ಹೆದರಿದವರನ್ನು ಕಂಡರೆ ತಡೆಯಲಾಗುವುದಿಲ್ಲ. ೧೯೭೯ರ ಜೂನ್ ತಿಂಗಳಲ್ಲಿ ನರಸಿಂಹಯ್ಯನವರು ಪತ್ರಿಕೆಯಿಂದ ಕತ್ತರಿಸಿದ ಒಂದು ತುಂಡನ್ನು ಹಿಡಿದುಕೊಂಡು ನಮ್ಮ ಪ್ರಯೋಗಾಲಯದ ಮೆಟ್ಟಿಲು ಹತ್ತಿ ಬಂದಾಗ, ಅವರ ಮುಖ ನೋಡಿ ಮೊದಲು ಒಂದು ಲೋಟ ನೀರು ಕೊಟ್ಟೆ.

ನಮ್ಮದು ಯಶವಂತಪುರದಲ್ಲಿ ಗೋಣಿಚೀಲದ ಅಂಗಡಿಯ ಮೇಲಿದ್ದ ಎರಡು ಕೋಣೆಯ ಪ್ರಯೋಗಾಲಯ. ಎಣ್ಣೆ, ಬೇಳೆ, ಮಸಾಲೆಪುಡಿ, ಯಾರು ಏನು ತಂದರೂ ಅದರಲ್ಲಿ ಬೇಡದ್ದು ಏನು ಬೆರೆತಿದೆ ಎಂದು ಹೇಳುವುದು ನನ್ನ ಕೆಲಸ. ಯಜಮಾನರು ವಾರಕ್ಕೊಮ್ಮೆ ಬಂದು ಸಹಿ ಹಾಕಿ ಹೋಗುತ್ತಿದ್ದರು, ಉಳಿದದ್ದೆಲ್ಲ ನಾನೇ. ನೀಲಕ್ಕ, ಧಾರವಾಡದ ಎಂ.ಎಸ್ಸಿ., ಕೆಮಿಸ್ಟ್ರಿಯಲ್ಲಿ ಎರಡನೇ ರ‍್ಯಾಂಕು. ಎರಡನೆಯದು ಎಂದು ಹೇಳುವಾಗ ಈಗಲೂ ಒಳಗೆ ಸ್ವಲ್ಪ ಉರಿಯುತ್ತದೆ.

ನರಸಿಂಹಯ್ಯನವರು ಯಲಹಂಕದ ಕಡೆಯ ಜಮೀನುದಾರರ ಮನೆಯವರು, ಜಾಲಹಳ್ಳಿಯ ಒಂದು ದೊಡ್ಡ ಕಾರ್ಖಾನೆಯಲ್ಲಿ ಕ್ಯಾಂಟೀನ್ ಅಧಿಕಾರಿ. ನನ್ನ ಗಂಡ ನಾಗಲಿಂಗಪ್ಪನೂ ಅದೇ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿದ್ದ. ನಾವಿದ್ದದ್ದು ಅದರ ಕ್ವಾರ್ಟರ್ಸಿನಲ್ಲೇ.

"ನೋಡ್ರೀ ಮೇಡಂ," ಎಂದು ನೀರು ಕುಡಿದು ಹೇಳಿದರು. "ಬೂಷ್ಟು ಹಿಡಿದ ಕಡಲೆಕಾಯಲ್ಲಿ ಏನೋ ಒಂದು ವಿಷ ಇರುತ್ತಂತೆ. ಲಿವರ್ ಕ್ಯಾನ್ಸರ್ ತರುತ್ತಂತೆ. ನಮ್ ಕ್ಯಾಂಟೀನಲ್ಲಿ ದಿನಾ ಎರಡು ಸಾವಿರ ಜನ ಆ ಚಟ್ನಿಪುಡಿ ತಿಂತಾರೆ. ನಾಳೆಯಿಂದ ಬಂದ್ ಮಾಡ್ಬಿಡ್ತೀನಿ."

"ಮಾಡಿ," ಎಂದೆ. "ನಾಡಿದ್ದು ಕ್ಯಾಂಟೀನೇ ಬಂದ್ ಆಗುತ್ತೆ."

ಅದು ಅವರಿಗೂ ಗೊತ್ತಿತ್ತು. ಆ ಕಾರ್ಖಾನೆಯ ಅರ್ಧಕ್ಕರ್ಧ ಜನ ಬಿಜಾಪುರ, ಬಾಗಲಕೋಟೆ, ಗದಗ ಕಡೆಯವರು. ತಟ್ಟೆಯ ಮೂಲೆಯಲ್ಲಿ ಒಂದು ಚಮಚ ಶೇಂಗಾ ಚಟ್ನಿಪುಡಿ ಇಲ್ಲದಿದ್ದರೆ ಅವರ ಪಾಲಿಗೆ ಅದು ಊಟವೇ ಅಲ್ಲ. ಆ ಪುಡಿಯನ್ನು ದಿನಾ ಕುಟ್ಟಿ ಕೊಡುತ್ತಿದ್ದವಳು ಕ್ವಾರ್ಟರ್ಸಿನ ರತ್ನಕ್ಕ, ಜೊತೆಗೆ ಇನ್ನೂ ಏಳು ಜನ ಹೆಂಗಸರು. ಕ್ವಾರ್ಟರ್ಸಿನ ಹಿಂದೆ ತಗಡಿನ ಒಂದು ಶೆಡ್ಡು, ಎರಡು ಕಲ್ಲಿನ ಒರಳು, ಒಂದು ದೊಡ್ಡ ಕಬ್ಬಿಣದ ಬಾಣಲೆ. ರತ್ನಕ್ಕ ನಮ್ಮ ತಾಲ್ಲೂಕಿನವಳು, ನನಗಿಂತ ಐದಾರು ವರ್ಷ ದೊಡ್ಡವಳು. ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು ಊರು ನೆನೆಸಿ ಅಳುತ್ತಿದ್ದಾಗ ಜೋಳದ ರೊಟ್ಟಿ ತಂದುಕೊಟ್ಟವಳು ಅವಳೇ. ಅವತ್ತಿನಿಂದ ನನಗೆ ಅವಳು ಒಡಹುಟ್ಟಿದವಳಿದ್ದ ಹಾಗೆ.

ನರಸಿಂಹಯ್ಯನವರಿಗೆ ನನ್ನ ಪಾಠ ಒಪ್ಪಿಸಿದೆ. ಈ ಪಾಠವನ್ನು ನಾನು ಯಾರು ಸಿಕ್ಕರೂ ಒಪ್ಪಿಸುತ್ತಿದ್ದೆ.

"ವಿಷ ಇದೆಯಾ ಇಲ್ವಾ ಅಂತ ಕೇಳೋರು ಪತ್ರಿಕೆಯವರು. ಹುಡುಕಿದ್ರೆ ಎಲ್ಲದ್ರಲ್ಲೂ ಒಂದು ಚೂರು ಏನಾದ್ರೂ ಸಿಗುತ್ತೆ. ನಾವು ಕೇಳ್ಬೇಕಾದ್ದು ಮೂರೇ. ಎಷ್ಟಿದೆ? ಯಾರು ತಿಂತಾರೆ? ಎಷ್ಟು ದಿನ ತಿಂತಾರೆ? ಈ ಮೂರೂ ಗೊತ್ತಾದ್ರೆ ಎಷ್ಟು ಹೆದರ್ಬೇಕು ಅಂತ ನಾನೇ ಹೇಳ್ತೀನಿ. ಅಷ್ಟೇ ಹೆದರಿ, ಜಾಸ್ತಿ ಬೇಡ."

ಅವರಿಗೆ ಸಮಾಧಾನವಾಯಿತು. ಹೆದರಿಕೆಗೂ ಒಂದು ಅಳತೆ ಇದೆ ಎಂದು ತಿಳಿದರೆ ಅಧಿಕಾರಿಗಳಿಗೆ ಯಾವಾಗಲೂ ಸಮಾಧಾನ.

ಮಾರನೇ ದಿನ ಶೆಡ್ಡಿಗೆ ಹೋಗಿ ಹನ್ನೆರಡು ಡಬ್ಬಿಗಳಿಂದ ಪುಡಿ ತೆಗೆದೆ. ಒಂದೇ ಡಬ್ಬಿಯ ಮೇಲಿಂದ ಒಂದು ಹಿಡಿ ತೆಗೆದು ಪರೀಕ್ಷೆ ಮಾಡುವವರನ್ನು ನಾನು ಕೆಮಿಸ್ಟರೆಂದು ಕರೆಯುವುದಿಲ್ಲ. ಈ ಬೂಷ್ಟಿನ ವಿಷ, ಅದರ ಹೆಸರು ಅಫ್ಲಟಾಕ್ಸಿನ್, ಎಲ್ಲ ಕಾಳಿನಲ್ಲೂ ಸಮನಾಗಿ ಕೂತಿರುವುದಿಲ್ಲ. ಚೀಲದ ಸಾವಿರಾರು ಕಾಳು ಶುದ್ಧವಾಗಿರುತ್ತವೆ, ಎಲ್ಲೋ ಕೆಲವು ಸುಕ್ಕು ಕಾಳುಗಳಲ್ಲಿ ಅದು ತುಂಬಿಕೊಂಡಿರುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ. ಪುಡಿಯನ್ನು ಕ್ಲೋರೋಫಾರ್ಮಿನಲ್ಲಿ ಕಲಕಿ, ಸೋಸಿ, ಆ ರಸದ ಒಂದು ಚುಕ್ಕೆಯನ್ನು ಬಿಳಿ ಪುಡಿ ಬಳಿದ ಗಾಜಿನ ಹಲಗೆಯ ಮೇಲಿಟ್ಟು, ಹಲಗೆಯ ತುದಿಯನ್ನು ದ್ರಾವಕದಲ್ಲಿ ನಿಲ್ಲಿಸಿ ಮೇಲಕ್ಕೆ ಏರಿಸಬೇಕು. ಆಮೇಲೆ ಕತ್ತಲೆ ಕೋಣೆಯಲ್ಲಿ ನೇರಳೆ ದೀಪ ಹಚ್ಚಿದರೆ ವಿಷವಿದ್ದ ಚುಕ್ಕೆ ನೀಲಿಯಾಗಿ ಹೊಳೆಯುತ್ತದೆ. ಎಷ್ಟು ಹೊಳೆಯುತ್ತದೋ ಅಷ್ಟು ವಿಷ.

ಸಿಕ್ಕದ್ದು ನೂರು ಕೋಟಿ ಪಾಲಿಗೆ ಐವತ್ತೆಂಟು ಪಾಲು. ಒಂದು ಲಾರಿ ತುಂಬ ಶೇಂಗಾದಲ್ಲಿ ಒಂದು ಚಿಟಿಕೆ ಉಪ್ಪಿನಷ್ಟು. ಸರ್ಕಾರ ಹಾಕಿದ ಮಿತಿ ಮೂವತ್ತು. ದಿನಕ್ಕೊಂದು ಚಮಚ ತಿನ್ನುವ ಆಳಿಗೆ ಅದರಿಂದ ಆಗುವ ಅಪಾಯ ಬಹಳ ಕಡಿಮೆ, ಜೀವಮಾನವಿಡೀ ತಿಂದರೂ ಹತ್ತು ಸಾವಿರದಲ್ಲಿ ಒಬ್ಬರು ಎನ್ನುವಷ್ಟು. ಆದರೂ ಮಿತಿ ಮೀರಿದ್ದನ್ನು ಸರಿ ಎಂದು ಬರೆದು ಕೊಡುವ ಕೈ ನನ್ನದಲ್ಲ.

ಪುಡಿ ನಿಲ್ಲಿಸುವ ಬದಲು ಸರಿಪಡಿಸುತ್ತೇನೆ ಎಂದು ನರಸಿಂಹಯ್ಯನವರಿಗೆ ಹೇಳಿ ಶೆಡ್ಡಿಗೆ ಹೋದೆ. ಎಂಟೂ ಜನರನ್ನು ಸುತ್ತ ಕೂರಿಸಿಕೊಂಡು ಮೊರದಲ್ಲಿ ಕಾಳು ಹರವಿ ತೋರಿಸಿದೆ.

"ನೋಡ್ರೆವಾ, ಸುಕ್ಕಾಗಿದ್ದು, ಕರ್ರಗಾಗಿದ್ದು, ಸಿಪ್ಪಿ ಒಡದಿದ್ದು, ಹಸರ ಬೂಷ್ಟು ಕುಂತಿದ್ದು, ಒಂದೂ ಒರಳಿಗೆ ಬೀಳಬಾರದು. ಎಲ್ಲಾ ಆರಿಸಿ ತಗೀರಿ."

"ಇಷ್ಟ ಏನು?" ಎಂದಳು ರತ್ನಕ್ಕ. "ನಾ ಏನೋ ದೊಡ್ಡ ಔಷಧ ಹಾಕಬೇಕಂತ ಹೇಳ್ತಿ ಅಂತ ಅಂಜಿದ್ದೆ. ಕಾಳು ಆರಿಸೂದು ನಮಗ ಯಾರು ಕಲಿಸಬೇಕು?"

ಮಾತಿಗೆ ತಕ್ಕಂತೆ ಮಾಡಿ ತೋರಿಸಿದರು ಕೂಡ. ಎಂಟು ಮೊರ, ಹದಿನಾರು ಕೈ. ನೂರು ಕಾಳಿಗೆ ಐದಾರು ಕಾಳು ಹೊರಗೆ. ಒಂದು ತಿಂಗಳ ಮೇಲೆ ಪರೀಕ್ಷೆ ಮಾಡಿದಾಗ ಐವತ್ತೆಂಟು ಇದ್ದದ್ದು ಏಳಕ್ಕೆ ಇಳಿದಿತ್ತು. ಮೂರನೇ ತಿಂಗಳು ನಾಲ್ಕು. ಒಮ್ಮೆಯಂತೂ ಗಾಜಿನ ಹಲಗೆಯ ಮೇಲೆ ಏನೂ ಕಾಣದೆ ದೀಪವೇ ಕೆಟ್ಟಿತೇ ಎಂದು ನೋಡಿದೆ. ದೀಪ ಸರಿಯಾಗಿತ್ತು.

ಆ ದಿನಗಳಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ನರಸಿಂಹಯ್ಯನವರು ಕ್ಯಾಂಟೀನಿನ ಗೋಡೆಗೆ "ಪರೀಕ್ಷೆಗೊಳಪಟ್ಟ ಚಟ್ನಿಪುಡಿ" ಎಂದು ಬಣ್ಣದಲ್ಲಿ ಬರೆಸಿದರು. ಅದನ್ನು ಓದಿದವರು ಎರಡೆರಡು ಚಮಚ ಹಾಕಿಸಿಕೊಳ್ಳುತ್ತಿದ್ದಾರೆ ಎಂದು ನಾಗಲಿಂಗಪ್ಪ ಬಂದು ಹೇಳಿದ. ಅವನು ಹಾಸ್ಯಕ್ಕೆ ಹೇಳಿದರೂ ನಾನು ಅದನ್ನು ಪ್ರಶಸ್ತಿಯೆಂದೇ ತೆಗೆದುಕೊಂಡೆ. ತಿಂಗಳಿಗೊಮ್ಮೆ ರತ್ನಕ್ಕ ನಮ್ಮ ಮನೆಗೂ ಒಂದು ಡಬ್ಬಿ ಪುಡಿ ಕಳಿಸುತ್ತಿದ್ದಳು. ನನ್ನ ಮಗನಿಗೆ ಅದಿಲ್ಲದೆ ರೊಟ್ಟಿ ಇಳಿಯುತ್ತಿರಲಿಲ್ಲ.

ನವೆಂಬರಿನಲ್ಲಿ ಒಂದು ಭಾನುವಾರ ಐದನೇ ತಿಂಗಳ ವರದಿ ಹಿಡಿದುಕೊಂಡು ರತ್ನಕ್ಕನ ಮನೆಗೆ ಹೋದೆ. ಮತ್ತೆ ನಾಲ್ಕು ಬಂದಿತ್ತು, ಅದನ್ನು ಓದಿ ಹೇಳಿ ಹೊಗಳಿಸಿಕೊಳ್ಳುವ ಆಸೆ ನನಗೆ. ಅವಳ ಗಂಡ ಮಹಾಲಿಂಗಪ್ಪ ಪಾಳಿಗೆ ಹೋಗಿದ್ದ. ಹನ್ನೊಂದು ವರ್ಷದ ಮಗಳು ಚನ್ನಕ್ಕ, ಎಲ್ಲರ ಬಾಯಲ್ಲಿ ಚನ್ನಿ, ಅಡುಗೆಮನೆಯ ಬಾಗಿಲಲ್ಲಿ ಕೂತು ಊಟ ಮಾಡುತ್ತಿದ್ದಳು.

"ಬಾ ಕುಂದ್ರ, ಬಿಸಿ ರೊಟ್ಟಿ ತಿಂದ ಮ್ಯಾಲ ಓದಿಯಂತ," ಎಂದಳು ರತ್ನಕ್ಕ.

ರೊಟ್ಟಿ, ಎಣ್ಣೆಗಾಯಿ, ಮೊಸರು ಬಂದವು. ಮೇಲಿನ ಹಲಗೆಯಿಂದ ಹಿತ್ತಾಳೆಯ ಡಬ್ಬಿ ಇಳಿಸಿ ನನಗೆ ಎರಡು ಚಮಚ ಚಟ್ನಿಪುಡಿ ಹಾಕಿದಳು, ಡಬ್ಬಿಯನ್ನು ತಿರುಗಿ ಮೇಲಿಟ್ಟಳು. ತನ್ನ ತಟ್ಟೆಗೆ ಒಲೆಯ ಪಕ್ಕದ ಅಲ್ಯುಮಿನಿಯಂ ಡಬ್ಬಿಯಿಂದ ಒಂದು ಹಿಡಿ ಸುರಿದುಕೊಂಡಳು. ಚನ್ನಿಯ ತಟ್ಟೆಯಲ್ಲೂ ಅದೇ, ಗುಡ್ಡೆಯಾಗಿತ್ತು. ಬಣ್ಣ ನನ್ನದಕ್ಕಿಂತ ಕಪ್ಪು. ಬೆಳ್ಳುಳ್ಳಿಯ ವಾಸನೆ ಕೂತಲ್ಲಿಗೆ ಬಡಿಯುತ್ತಿತ್ತು.

ಬೇರೆಯವರ ತಟ್ಟೆಯದು ರುಚಿ ನೋಡುವ ಚಟ ನನಗೆ ಚಿಕ್ಕಂದಿನಿಂದ. ಕೈ ಚಾಚಿದೆ. ರತ್ನಕ್ಕ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು.

"ಅದನ್ನ ಬಿಡ. ಅದು ಮನಿಮಂದೀದು."

"ಮನಿಮಂದೀದು ಅಂದ್ರ?"

"ನೀನ ಹೇಳಿದ್ದಿ ಅಲ್ಲ, ಆರಿಸಿ ತಗೀರಿ ಅಂತ? ತಗದಿದ್ದನ್ನ ತಿಪ್ಪಿಗೆ ಒಗೀಲಿಕ್ಕೆ ಆಗ್ತೈತೇನು, ತಿನ್ನೂ ಕಾಳು ಅದು. ಎಂಟೂ ಮಂದಿ ಹಂಚ್ಕೊಂಡು ಮನಿಗೆ ಒಯ್ತೀವಿ. ಒಂದೀಟು ಕಹಿ ಇರ್ತೈತಿ, ಬಳ್ಳೊಳ್ಳಿ, ಖಾರ ಜಾಸ್ತಿ ಹಾಕಿದ್ರ ಗೊತ್ತಾಗಂಗಿಲ್ಲ." ಅವಳ ಮುಖದಲ್ಲಿ ಹೆಮ್ಮೆ ತುಂಬಿತ್ತು. "ಕ್ಯಾಂಟೀನಿಗೆ ಮಾತ್ರ ಒಂದ ಒಂದು ಕೆಟ್ಟ ಕಾಳು ಹೋಗಿಲ್ಲ ನೋಡು. ನಿನ್ನ ಡಬ್ಬಿಗೂ ಹೋಗಿಲ್ಲ. ನನ್ನ ಮಗಳ ಆಣಿ."

ಚನ್ನಿ ಬೆರಳಿನಿಂದ ಪುಡಿಗೆ ಎಣ್ಣೆ ಕಲಸುತ್ತಿದ್ದಳು. ಅವಳ ಕೈ ಹಿಡಿದು ನಿಲ್ಲಿಸಬೇಕೆನಿಸಿತು, ನಿಲ್ಲಿಸಲಿಲ್ಲ. ಅಳತೆ ಮಾಡದೆ ಹೆದರಿಸುವವರನ್ನು ಐದು ತಿಂಗಳ ಹಿಂದೆ ನಾನೇ ಗೇಲಿ ಮಾಡಿದ್ದೆನಲ್ಲ. ವರದಿಯನ್ನು ಮಡಚಿ ಚೀಲದಲ್ಲಿಟ್ಟೆ. ಮನೆಮಂದಿಯ ಪುಡಿಯ ರುಚಿ ನನ್ನ ಗಂಡನಿಗೂ ತೋರಿಸಬೇಕು ಎಂದು ಸುಳ್ಳು ಹೇಳಿ ಕಾಗದದಲ್ಲಿ ನಾಲ್ಕು ಚಮಚ ಕಟ್ಟಿಸಿಕೊಂಡು ಬಂದೆ.

ಸೋಮವಾರ ಬೆಳಿಗ್ಗೆ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟೆ. ಮಧ್ಯಾಹ್ನ ಹನ್ನೆರಡಕ್ಕೆ ಕತ್ತಲೆ ಕೋಣೆಯ ಪರದೆ ಎಳೆದು ದೀಪ ಹಚ್ಚಿದಾಗ ನೀಲಿ ಎಷ್ಟು ಜೋರಾಗಿತ್ತೆಂದರೆ ಹೋಲಿಸಲು ಇಟ್ಟ, ಅಳತೆ ಗೊತ್ತಿದ್ದ ಚುಕ್ಕೆ ಅದರ ಪಕ್ಕದಲ್ಲಿ ಮಂಕಾಗಿತ್ತು. ರಸವನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ಏರಿಸಿದೆ. ಒಂಬೈನೂರ ಹತ್ತು.

ಕಾಗದ ತೆಗೆದುಕೊಂಡು ಲೆಕ್ಕ ಹಾಕಲು ಕೂತೆ. ದೊಡ್ಡ ಗಣಿತವೇನೂ ಬೇಕಿರಲಿಲ್ಲ. ಮೊದಲು ಎಲ್ಲ ಕಾಳಿನಲ್ಲಿ ಐವತ್ತೆಂಟು ಇತ್ತು. ಈಗ ನೂರಕ್ಕೆ ತೊಂಬತ್ತನಾಲ್ಕು ಪಾಲು ಕಾಳಿನಲ್ಲಿ ನಾಲ್ಕು ಇದೆ, ಉಳಿದ ಆರು ಪಾಲಿನಲ್ಲಿ ಒಂಬೈನೂರು. ವಿಷ ಎಲ್ಲಿಗೂ ಹೋಗಿರಲಿಲ್ಲ, ಬರೀ ಮನೆ ಬದಲಿಸಿತ್ತು. ಎರಡು ಸಾವಿರ ಗಂಡಸರ ತಟ್ಟೆಯಿಂದ ಎಂಟು ಹೆಂಗಸರ ಅಡುಗೆಮನೆಗೆ ಹೋಗಿತ್ತು. ಕಳಿಸಿದವಳು ನಾನು. ಕ್ಯಾಂಟೀನಿನವರು ತಿನ್ನುವುದು ಒಂದು ಚಮಚ. ಈ ಮನೆಗಳಲ್ಲಿ ಬೆಳಿಗ್ಗೆ ರೊಟ್ಟಿಗೆ, ಮಧ್ಯಾಹ್ನ ಸ್ಕೂಲಿನ ಡಬ್ಬಿಗೆ, ಸಂಜೆ ಅನ್ನಕ್ಕೆ, ದಿನಕ್ಕೆ ನಾಲ್ಕು ಚಮಚ. ಯಾರು ತಿಂತಾರೆ ಎಂದು ಕೇಳಬೇಕು ಎಂದು ಊರಿಗೆಲ್ಲ ಪಾಠ ಹೇಳಿದವಳು ನಾನು ಕೇಳಿರಲೇ ಇಲ್ಲ. ಮೊರದ ಹೊರಗೆ ಬಿದ್ದ ಕಾಳು ನನ್ನ ಕಣ್ಣಿಗೆ ಕಸವಾಗಿತ್ತು. ಆಹಾರವನ್ನು ಕಸ ಎಂದುಕೊಳ್ಳದ ಮನೆಯಲ್ಲೇ ನಾನೂ ಹುಟ್ಟಿದ್ದು ಎನ್ನುವುದು ಎಂ.ಎಸ್ಸಿ. ಓದುವಷ್ಟರಲ್ಲಿ ಮರೆತುಹೋಗಿತ್ತು.

ನಾಚಿಕೆಯಿಂದ ಅತ್ತೆ. ನನ್ನ ಮಗನ ತಟ್ಟೆಗೆ ಬಿದ್ದದ್ದು ಒಳ್ಳೆಯ ಕಾಳು ಎಂದು ನೆನಪಾಗಿ ಇನ್ನಷ್ಟು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಉಳಿದ ಲೆಕ್ಕ ಮುಗಿಸಿದೆ, ಏಕೆಂದರೆ ರತ್ನಕ್ಕ ಮೊದಲು ಕೇಳುವುದು ಏನೆಂದು ನನಗೆ ಗೊತ್ತಿತ್ತು. ಆಫ್ರಿಕಾದಲ್ಲಿ, ಥಾಯ್ಲೆಂಡಿನಲ್ಲಿ ಈ ವಿಷ ತಿಂದ ಹಳ್ಳಿಗಳ ಅಂಕಿಗಳು ನನ್ನ ಹತ್ತಿರವಿದ್ದವು. ಅವರ ತೂಕ ಬೇರೆ, ಊಟ ಬೇರೆ, ಆದರೆ ನಮ್ಮ ಕಡೆಯ ಅಂಕಿ ಯಾರೂ ಬರೆದಿರಲಿಲ್ಲ.

ಮಂಗಳವಾರ ಮಧ್ಯಾಹ್ನ ರತ್ನಕ್ಕನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಯಶವಂತಪುರಕ್ಕೆ ಕರೆತಂದೆ. ಏನೆಂದು ಹೇಳಿರಲಿಲ್ಲ. ಅವಳು ಹೊಸ ಸೀರೆ ಉಟ್ಟು ಬಂದಿದ್ದಳು. ಕ್ಯಾಂಟೀನಿನ ಗೋಡೆಯ ಮೇಲೆ ಬರೆಸಿದಂತೆ ಇಲ್ಲೂ ಏನೋ ಸನ್ಮಾನವಿರಬೇಕು ಎಂದುಕೊಂಡಿದ್ದಳೋ ಏನೋ.

ಕತ್ತಲೆ ಕೋಣೆಯಲ್ಲಿ ಎರಡು ಗಾಜಿನ ಹಲಗೆಗಳನ್ನು ಪಕ್ಕಪಕ್ಕ ಇಟ್ಟು ದೀಪ ಹಚ್ಚಿದೆ.

"ಇದು ಕ್ಯಾಂಟೀನಿಂದು. ಏನಾರ ಕಾಣ್ತೈತೇನು?"

"ಇಲ್ಲವಾ. ಕರ್ರಗೈತಿ."

"ಇದು?"

"ಅಯ್ಯ, ಎಷ್ಟು ಚಂದ ನೀಲಿ ಐತಿ!" ಎಂದಳು. ಆಮೇಲೆ ನನ್ನ ಮುಖ ಕಾಣದ ಕತ್ತಲೆಯಲ್ಲೇ ನಿಧಾನವಾಗಿ ಕೇಳಿದಳು. "ಇದು ಯಾವ ಪುಡಿ?"

"ನಿಮ್ಮನಿ ಒಲಿ ಬಾಜೂ ಇದ್ದ ಡಬ್ಬೀದು. ನೀಲಿ ಕಾಣೂದೆಲ್ಲಾ ವಿಷ ರತ್ನಕ್ಕ. ಕ್ಯಾಂಟೀನಿಂದು ನಾಲ್ಕಿದ್ರ ಇದು ಒಂಬೈನೂರು ಐತಿ. ಕೆಟ್ಟ ಕಾಳಿನಾಗನ ವಿಷ ಇರೂದು. ಅದನ್ನಷ್ಟ ಆರಿಸಿ, ಅದನ್ನಷ್ಟ ಕುಟ್ಟಿ ನೀವು ತಿಂದೀರಿ."

ನಾನೇ ಮುಂದುವರಿಸಿದೆ, ನಿಲ್ಲಿಸಿದರೆ ಧೈರ್ಯ ಹೋಗುತ್ತಿತ್ತು.

"ತಪ್ಪು ನಿಂದಲ್ಲ, ನಂದು. ಆರಿಸಿ ತಗೀರಿ ಅಂದೆ. ತಗದಿದ್ದನ್ನ ಏನ್ ಮಾಡಬೇಕು ಅಂತ ಹೇಳಲಿಲ್ಲ. ಏನ್ ಮಾಡ್ತೀರಿ ಅಂತ ಕೇಳಲೂ ಇಲ್ಲ."

ದೀಪ ಆರಿಸಿ ಪರದೆ ಸರಿಸಿದೆ. ಬೆಳಕಿನಲ್ಲಿ ಎರಡೂ ಹಲಗೆ ಒಂದೇ ಥರ ಬೆಳ್ಳಗೆ ಕಂಡವು. ರತ್ನಕ್ಕ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಬೆವರು ಒರೆಸಿಕೊಂಡಳು. ನಾನು ಎದುರುನೋಡಿದ್ದ ಪ್ರಶ್ನೆಯೇ ಬಂತು.

"ಚನ್ನಿಗೆ ಏನಾಗ್ತೈತಿ?"

"ಏನೂ ಆಗಂಗಿಲ್ಲ ಅಂತ ಹೇಳಿದ್ರ ಅದು ಸುಳ್ಳಾಗ್ತೈತಿ. ಆಗ್ತೈತಿ ಅಂದ್ರ ಅದೂ ಸುಳ್ಳು. ಲೆಕ್ಕ ಹಾಕೀನಿ, ಕೇಳು. ಇಂಥಾ ಪುಡಿನ ಹುಟ್ಟಿದಾಗಿಂದ ಸಾಯೂತನಕಾ ದಿನಾ ತಿಂದ್ರ ಸಾವಿರ ಮಂದ್ಯಾಗ ಆರು ಮಂದಿಗೆ ಈ ಕ್ಯಾನ್ಸರ್ ಬರಬಹುದು. ನೀವು ತಿಂದಿದ್ದು ಐದು ತಿಂಗಳು. ಐದು ತಿಂಗಳಿಗೆ ಇಪ್ಪತ್ತೆಂಟು ಸಾವಿರದಾಗ ಒಬ್ಬರು. ಇದು ಅಂದಾಜು, ಒಂದೀಟು ಹೆಚ್ಚು ಕಡಿಮಿ ಆಗಬಹುದು. ಆದರ ಇವತ್ತ ನಿಲ್ಲಿಸಿದ್ರ ಅದು ಅಲ್ಲೇ ನಿಲ್ತೈತಿ, ಬೆಳ್ಯಂಗಿಲ್ಲ."

ನನಗೆ ಅದು ಒಳ್ಳೆಯ ಅಂಕಿ. ಬೇರೆ ಯಾರಿಗಾದರೂ ಆಗಿದ್ದರೆ ನಗುತ್ತಲೇ ಹೇಳುತ್ತಿದ್ದೆ, ತುಮಕೂರು ರಸ್ತೆ ದಾಟುವುದು ಇದಕ್ಕಿಂತ ಅಪಾಯ ಎಂದು ಸೇರಿಸುತ್ತಿದ್ದೆ. ರತ್ನಕ್ಕ ನನ್ನನ್ನೇ ನೋಡುತ್ತಿದ್ದಳು.

"ಇಪ್ಪತ್ತೆಂಟು ಸಾವಿರ ಮಕ್ಕಳನ್ನ ನಾ ಹಡದಿಲ್ಲ ನೀಲಕ್ಕ," ಎಂದಳು. "ಒಬ್ಬಾಕಿನ್ನ ಹಡದೀನಿ."

ಎರಡನೇ ರ‍್ಯಾಂಕಿನವಳ ಹತ್ತಿರ ಇದ್ದದ್ದು ಬರೀ ಅಂಕಿ. ಮೊದಲನೇ ರ‍್ಯಾಂಕಿನವನ ಹತ್ತಿರವೂ ಇರುತ್ತಿದ್ದದ್ದು ಅಷ್ಟೇ. ಅವಳ ಕೈ ಹಿಡಿದುಕೊಂಡೆ, ಬಿಡಿಸಿಕೊಳ್ಳಲಿಲ್ಲ, ಒತ್ತಲೂ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಇನ್ನು ಇವಳು ನನ್ನನ್ನು ಮನೆಯೊಳಗೆ ಕರೆಯುವುದಿಲ್ಲ ಎಂದುಕೊಂಡೆ.

ಬುಧವಾರ ಬೆಳಿಗ್ಗೆ ಆಫೀಸಿಗೆ ರಜೆ ಹೇಳಿ ಶೆಡ್ಡಿಗೆ ಹೋದೆ. ಎಂಟು ಜನರಿಗೂ ನಾನೇ ಹೇಳಬೇಕು, ಬೈದರೆ ಬೈಸಿಕೊಳ್ಳಬೇಕು ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಹೋಗಿ ನೋಡಿದರೆ ಒರಳಿನ ಪಕ್ಕದ ಚಪ್ಪಡಿಯ ಮೇಲೆ ಸಾಲಾಗಿ ಎಂಟು ಡಬ್ಬಿ. ಒಂದು ಹಾರ್ಲಿಕ್ಸ್ ಬಾಟಲಿ, ಒಂದು ಹಾಲುಪುಡಿಯ ಡಬ್ಬ, ರತ್ನಕ್ಕನ ಅಲ್ಯುಮಿನಿಯಂ ಡಬ್ಬಿ, ಇನ್ನೂ ಏನೇನೋ. ಸೂರ್ಯ ಹುಟ್ಟುವ ಮೊದಲೇ ರತ್ನಕ್ಕ ಏಳೂ ಮನೆಗೆ ಹೋಗಿ ಇಸಿದುಕೊಂಡು ಬಂದಿದ್ದಳು.

"ನಾನ ಹಂಚಿದ್ದು," ಎಂದಳು ನನ್ನ ಕಡೆ ನೋಡದೆ. "ನಾನ ತಿರುಗಿ ತರಬೇಕಲ್ಲ. ಇವರಿಗೆಲ್ಲಾ ನೀ ಕೂಡ ಒಂದ ಮಾತು ಹೇಳು. ನನ್ನ ಮಾತು ಅರ್ಧ ನಂಬ್ಯಾರ, ಅರ್ಧ ಇಲ್ಲ."

ಹೇಳಿದೆ. ಲೆಕ್ಕವನ್ನೂ ಹೇಳಿದೆ, ತಪ್ಪು ಯಾರದೆಂದೂ ಹೇಳಿದೆ. ಗದಗಿನ ಕಡೆಯ ಒಬ್ಬಳು ನಮ್ಮಜ್ಜಿ ಇದನ್ನೇ ತಿಂದು ತೊಂಬತ್ತು ವರ್ಷ ಬಾಳಿದಳು ಎಂದು ವಾದ ಹೂಡಿದಳು. ನಿಮ್ಮಜ್ಜಿ ಸಾವಿರದಲ್ಲಿ ಉಳಿದ ಒಂಬೈನೂರ ತೊಂಬತ್ತನಾಲ್ಕರಲ್ಲಿ ಒಬ್ಬಳು, ಆ ಆರು ಜನ ಯಾರೆಂದು ನಿಮ್ಮೂರಲ್ಲಿ ಯಾರೂ ಬರೆದಿಡಲಿಲ್ಲ ಎಂದೆ. ಅವಳು ಮೊರ ಎತ್ತಿಕೊಂಡು ಕಾಳು ಆರಿಸತೊಡಗಿದಳು. ಒಪ್ಪಿದಳೋ, ನನ್ನ ಬಾಯಿಗೆ ಸೋತಳೋ ತಿಳಿಯದು.

ಅಷ್ಟರಲ್ಲಿ ಹಾಲಿನ ಸೊಣ್ಣಮ್ಮ ಬಂದಳು. ಜಾಲಹಳ್ಳಿ ಹಳೇ ಊರಿನ ಒಕ್ಕಲು ಮನೆಯವಳು, ನಾಲ್ಕು ಎಮ್ಮೆ ಕಟ್ಟಿಕೊಂಡು ಕ್ವಾರ್ಟರ್ಸಿಗೆಲ್ಲ ಹಾಲು ಹಾಕುವವಳು. ಡಬ್ಬಿಗಳನ್ನೂ ಪಕ್ಕದ ಚೀಲದಲ್ಲಿದ್ದ ಸುಕ್ಕು ಕಾಳನ್ನೂ ನೋಡಿ ನಿಂತಳು.

"ಅದ್ಯಾಕಮ್ಮ, ಇಂಗೆ ಕಾಳು ಬಿಸಾಕ್ತೀರಾ? ನಮ್ಮೆಮ್ಮೆಗಾದ್ರೂ ಆಕ್ರಮ್ಮ. ಆಲು ಎಚ್ಚಾಯ್ತದೆ."

ರತ್ನಕ್ಕ ಅವತ್ತು ಮೊದಲ ಬಾರಿಗೆ ನನ್ನ ಮುಖ ನೋಡಿದಳು. "ಎಮ್ಮಿ ತಿಂದ್ರ ಹಾಲಿಗೆ ಬರ್ತೈತೇನು?"

ಅವಳು ಕೇಳುವವರೆಗೆ ಯಾರಿಗೂ ಹೊಳೆಯದ ಪ್ರಶ್ನೆ ಅದು. ನನಗೂ ಆ ಗಳಿಗೆಯಲ್ಲಿ ಹೊಳೆ‌ದಿರಲಿಲ್ಲ.

"ಬರ್ತೈತಿ," ಎಂದೆ. "ಸ್ವಲ್ಪ ರೂಪ ಬದಲಿಸಿ ಬರ್ತೈತಿ. ಆ ಹಾಲು ಮತ್ತ ನಮ್ಮ ಹುಡುಗರ ಲೋಟಕ್ಕ ಬರ್ತೈತಿ."

"ಹಂಗಾದ್ರ ಎಮ್ಮಿಗೂ ಬ್ಯಾಡ," ಎಂದು ರತ್ನಕ್ಕ ಎದ್ದಳು. ಎಂಟೂ ಡಬ್ಬಿಯನ್ನು ಒಂದು ಬುಟ್ಟಿಗೆ ಸುರಿದಳು. ಶೆಡ್ಡಿನ ಹಿಂದೆ ಪಾತ್ರೆ ತೊಳೆಯಲು ನೀರು ಕಾಯಿಸುವ ಹಂಡೆಯಿತ್ತು, ಒಲೆ ಉರಿಯುತ್ತಿತ್ತು. ಬುಟ್ಟಿ ಹಿಡಿದು ಒಲೆಯ ಮುಂದೆ ನಿಂತವಳು ಸ್ವಲ್ಪ ಹೊತ್ತು ಹಾಗೇ ನಿಂತಳು. ಅನ್ನವನ್ನು ಬೆಂಕಿಗೆ ಹಾಕುವುದು ಅವಳ ಕೈಗೆ ಬಾರದ ಕೆಲಸ. ನಾನು ಮುಂದೆ ಹೋಗಿ ಬುಟ್ಟಿಯ ಇನ್ನೊಂದು ಬದಿ ಹಿಡಿದೆ. ಇಬ್ಬರೂ ಸೇರಿ ಸುರಿದೆವು. ಶೇಂಗಾದ ಎಣ್ಣೆ ಭಗ್ಗನೆ ಹತ್ತಿಕೊಂಡು ಖಾರದ ಘಾಟಿಗೆ ಶೆಡ್ಡಿನ ಎಲ್ಲರೂ ಕೆಮ್ಮಿದರು, ಸೊಣ್ಣಮ್ಮ ಬೈದುಕೊಂಡು ಹೋದಳು. ರತ್ನಕ್ಕನ ಕಣ್ಣಲ್ಲಿ ನೀರು ಬಂದದ್ದು ಘಾಟಿಗೋ ಮತ್ತೇತಕ್ಕೋ, ನಾನು ಕೇಳಲಿಲ್ಲ.

ಅವತ್ತಿನಿಂದ ಆರಿಸಿ ತೆಗೆದ ಕಾಳೆಲ್ಲ ದಿನದ ದಿನವೇ ಹಂಡೆಯ ಒಲೆಗೆ. ಹಾಕುವವಳು ರತ್ನಕ್ಕ ಒಬ್ಬಳೇ, ಬೇರೆಯವರ ಕೈಗೆ ಬಿಡುತ್ತಿರಲಿಲ್ಲ. ನಮ್ಮ ಪ್ರಯೋಗಾಲಯದ ವರದಿಯಲ್ಲಿ ನಾನೊಂದು ಹೊಸ ಸಾಲು ಸೇರಿಸಿದೆ. "ಆರಿಸಿ ತೆಗೆದದ್ದು ಎಲ್ಲಿ ಹೋಯಿತು?" ಎಂದು. ಆ ಸಾಲು ತುಂಬದೆ ಯಾವ ವರದಿಯನ್ನೂ ಯಜಮಾನರ ಸಹಿಗೆ ಕಳಿಸುತ್ತಿರಲಿಲ್ಲ.

"ಇದ್ಯಾಕ್ ಮೇಡಂ ನಮ್ ರಿಪೋರ್ಟಲ್ಲಿ?" ಎಂದು ನರಸಿಂಹಯ್ಯನವರು ಕೇಳಿದರು. "ನಮ್ ಪುಡಿ ಚೆನ್ನಾಗಿದ್ಯಲ್ಲ, ಅಷ್ಟ್ ಸಾಕಲ್ವಾ?"

"ಸಾಲದು," ಎಂದೆ. ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ವರದಿಯನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಪೆನ್ನು ತೆಗೆದು ತಮ್ಮ ಕೈಯಾರೆ "ಸುಡಲಾಯಿತು" ಎಂದು ಬರೆದು ಕೆಳಗೆ ಸಹಿ ಹಾಕಿದರು. ಪತ್ರಿಕೆ ಓದಿ ಹೆದರುವ ಮನುಷ್ಯನಲ್ಲಿ ಇಷ್ಟು ತೂಕವಿದೆ ಎಂದು ನನಗೆ ಗೊತ್ತಿರಲಿಲ್ಲ.

ಎರಡು ಭಾನುವಾರ ನಾನು ರತ್ನಕ್ಕನ ಮನೆಯ ಕಡೆ ಸುಳಿಯಲಿಲ್ಲ. ಮೂರನೆಯ ಭಾನುವಾರ ಚನ್ನಿ ನಮ್ಮ ಬಾಗಿಲಿಗೆ ಬಂದು, "ಅವ್ವ ಊಟಕ್ಕ ಕರ್ಯಾಕತ್ತಾಳ," ಎಂದಳು. ಚಪ್ಪಲಿ ಮೆಟ್ಟುವುದನ್ನೂ ಮರೆತು ಹೋದೆ.

ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಒಲೆಯ ಪಕ್ಕದಲ್ಲಿ ಅಲ್ಯುಮಿನಿಯಂ ಡಬ್ಬಿ ಇರಲಿಲ್ಲ, ಅಲ್ಲಿ ನೆಲದ ಮೇಲೆ ಅದರ ದುಂಡು ಗುರುತು ಮಾತ್ರ ಉಳಿದಿತ್ತು. ರತ್ನಕ್ಕ ಮೇಲಿನ ಹಲಗೆಯಿಂದ ಹಿತ್ತಾಳೆಯ ಡಬ್ಬಿ ಇಳಿಸಿ ಮೊದಲು ಚನ್ನಿಗೆ ಹಾಕಿದಳು, ಆಮೇಲೆ ನನಗೆ, ಕೊನೆಗೆ ತನಗೆ. ಡಬ್ಬಿಯನ್ನು ಮೂವರ ನಡುವೆ ನೆಲದ ಮೇಲೇ ಇಟ್ಟಳು.

ಚನ್ನಿ ಎರಡು ತುತ್ತು ತಿಂದು ಮುಖ ಸೊಟ್ಟ ಮಾಡಿದಳು. "ಯವ್ವಾ, ಇದು ಬರೇ ಸಪ್ಪಗೈತಿ. ಮೊದಲಿನ ಚಟ್ನಿನ ಚೊಲೋ ಇತ್ತು."

ರತ್ನಕ್ಕನ ಕೈ ತಟ್ಟೆಯಲ್ಲೇ ನಿಂತಿತು. ನಾನು ತಲೆ ಎತ್ತಲಿಲ್ಲ. ಆಮೇಲೆ ಅವಳು ಚಮಚ ತೆಗೆದುಕೊಂಡು ಅದೇ ಡಬ್ಬಿಯಿಂದ ಮಗಳ ತಟ್ಟೆಗೆ ಇನ್ನಷ್ಟು ಹಾಕಿದಳು.

"ತಿನ್ನು," ಎಂದಳು. "ಇನ್ನ ಮ್ಯಾಲ ನಮ್ಮನ್ಯಾಗ ಇದ."